ಆರು ಗಂಟೆಗೊಮ್ಮೆ ಅಲುಗಿದ ಪಟ್ಟಿ

ಕಂಪ್ಯೂಟರ್ ಬಿಡಿಸಿಕೊಡುವ ಸ್ಟ್ರೆಸ್ ಚಿತ್ರವನ್ನು ನಂಬುವ ಮುನ್ನ ಮಾಡಬೇಕಾದ ಪರೀಕ್ಷೆಗಳು

ತುಮಕೂರಿನ ನಮ್ಮ ಬೀದಿಯಲ್ಲೊಬ್ಬ ಹುಡುಗ ಇದ್ದಾನೆ, ಕಡೇ ವರ್ಷದ ಮೆಕ್ಯಾನಿಕಲ್. ಪ್ರಾಜೆಕ್ಟ್ ವರದಿ ಒಪ್ಪಿಸುವ ವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಒಂದು ಉಕ್ಕಿನ ಪಟ್ಟಿ: 300 ಮಿ.ಮೀ. ಉದ್ದ, 25 ಅಗಲ, 5 ದಪ್ಪ. ಒಂದು ತುದಿ ಬಿಗಿದಿದೆ, ಇನ್ನೊಂದು ಗಾಳಿಯಲ್ಲಿದೆ. ಪಟ್ಟಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂದು ಸಾಫ್ಟ್‌ವೇರನ್ನು ಕೇಳಿದ್ದ. ಅದು 0.000046 ಹರ್ಟ್ಜ್ ಎಂದು ಉತ್ತರ ಕೊಟ್ಟಿತ್ತು. ಜೊತೆಗೆ ಕೆಂಪು, ಹಳದಿ, ನೀಲಿ ಬಳಿದ ಚೆಂದದ ಚಿತ್ರ.

ಫೋನ್ ತೆಗೆದು ಭಾಗಿಸಿ ನೋಡಿದೆ. ಒಂದು ಸಲ ಅಲುಗಲು ಸುಮಾರು ಆರು ಗಂಟೆ! ಬೆಳಗಿನ ತಿಂಡಿ ಹೊತ್ತಿಗೆ ಹೊರಟ ತುದಿ ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಅದೇ ಜಾಗಕ್ಕೆ ಬರಬೇಕು. ಕೈಯಲ್ಲಿ ಮೀಟಿದರೆ ಗುಂಯ್‌ಗುಡುವ ಪಟ್ಟಿ ಇದು. ಹುಡುಗನ ಮುಖ ಸಣ್ಣಗಾಯಿತು. "ಸಾಫ್ಟ್‌ವೇರ್ ಎರರ್ ಏನೂ ಕೊಡ್ಲಿಲ್ವಲ್ಲ ಸಾರ್" ಅಂದ.

ಕೊಡುವುದಿಲ್ಲ. ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ, ಪ್ರಶ್ನೆ ಸರಿಯಿದೆಯೇ ಎಂದು ನೋಡುವುದು ನಮ್ಮ ಕೆಲಸ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ಈ ಕಸುಬಿಗೆಂದೇ ಹುಟ್ಟಿದಂತಿದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳುವ ಮೊದಲು, ಉತ್ತರ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ ಅದನ್ನು ಪರೀಕ್ಷಿಸಬೇಕು. ಈ ಲೇಖನದ ತಿರುಳು ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಇಂಥ ಲೆಕ್ಕ ದೂರದ ಮಾತಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರ ಜನವರಿಯಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು, 2023ರ ಫೆಬ್ರವರಿ 6ರಂದು ಉದ್ಘಾಟನೆ. ಅಲ್ಲಿ ಮೊದಲಿಗೆ ತಯಾರಿಸಲು ಹೊರಟದ್ದು ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಲಘು ಹೆಲಿಕಾಪ್ಟರ್. ತುಮಕೂರಿನ ಹೊರಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶವಿದೆ. ಊರೊಳಗೆ 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ, ಆಮೇಲೆ ಬಂದ ಕಾಲೇಜುಗಳಿವೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಓಡುವವರಲ್ಲಿ ದಿನವಿಡೀ ಇದೇ ಬಣ್ಣದ ಚಿತ್ರಗಳ ಮುಂದೆ ಕೂರುವವರೂ ಇದ್ದಾರೆ.

ಚಪ್ಪರದ ಗಂಟುಗಳು

ಫೈನೈಟ್ ಎಲಿಮೆಂಟ್ ಎಂದರೆ ಒಂದು ವಸ್ತುವನ್ನು ಸಣ್ಣ ಸಣ್ಣ ತುಂಡುಗಳಾಗಿ ಕಲ್ಪಿಸಿಕೊಂಡು ಲೆಕ್ಕ ಮಾಡುವ ವಿಧಾನ. ಮದುವೆ ಮನೆಯ ಚಪ್ಪರ ನೆನೆಸಿಕೊಳ್ಳಿ. ಗಳುಗಳನ್ನು ಅಲ್ಲಲ್ಲಿ ಗಂಟು ಹಾಕಿ ನಿಲ್ಲಿಸಿರುತ್ತಾರೆ. ಒಂದು ಗಂಟು ಜಗ್ಗಿದರೆ ಪಕ್ಕದ ಗಳು ಎಷ್ಟು ಎಳೆಯುತ್ತದೆ ಎಂದು ಗೊತ್ತಿದ್ದರೆ, ಎಲ್ಲ ಗಂಟುಗಳ ಲೆಕ್ಕ ಒಟ್ಟಿಗೆ ಬಿಡಿಸಿ ಚಪ್ಪರ ಎಲ್ಲೆಲ್ಲಿ ಎಷ್ಟು ಜಗ್ಗುತ್ತದೆ ಎಂದು ಹೇಳಬಹುದು. ಸಾಫ್ಟ್‌ವೇರಿನಲ್ಲಿ ಗಂಟಿಗೆ ನೋಡ್, ತುಂಡಿಗೆ ಎಲಿಮೆಂಟ್, ಇಡೀ ಜಾಲಕ್ಕೆ ಮೆಷ್ ಎನ್ನುತ್ತಾರೆ. ಮೊದಲು ಸಿಗುವುದು ನೋಡ್‌ಗಳ ಜರುಗು, ಅಂದರೆ ಪ್ರತಿ ನೋಡ್ ಎಷ್ಟು ಸರಿಯಿತು ಎಂಬುದು. ವಸ್ತುವಿನೊಳಗೆ ಚದರ ಮಿ.ಮೀ.ಗೆ ಎಷ್ಟು ಬಲ ಹಾಯುತ್ತಿದೆ ಎಂಬ ಸ್ಟ್ರೆಸ್ ಲೆಕ್ಕ ಆ ಜರುಗಿನಿಂದ ಹುಟ್ಟುತ್ತದೆ. ಹಾಗಾಗಿ ಜರುಗಿಗಿಂತ ಸ್ಟ್ರೆಸ್ ಯಾವಾಗಲೂ ಒಂದು ಕೈ ಕಡಿಮೆ ನಂಬಿಕಸ್ಥ.

ಈ ವಿಧಾನ ಬೆಳೆದದ್ದು ವಿಮಾನದ ರೆಕ್ಕೆಯ ಲೆಕ್ಕದಿಂದ. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು 1956ರಲ್ಲಿ ಪ್ರಕಟಿಸಿದ ಪ್ರಬಂಧ ಅದಕ್ಕೆ ಬುನಾದಿ ಹಾಕಿತು. 1960ರಲ್ಲಿ ಕ್ಲಫ್ ಅದಕ್ಕೆ ಈಗಿನ ಹೆಸರಿಟ್ಟರು.

ಇದರಲ್ಲಿ ಪರೀಕ್ಷೆ ಎರಡು ಬಗೆ. ಒಂದು, ಲೆಕ್ಕವನ್ನು ಸರಿಯಾಗಿ ಮಾಡಿದ್ದೇವೆಯೇ? ಇದು ವೆರಿಫಿಕೇಶನ್. ಎರಡು, ಸರಿಯಾದ ಲೆಕ್ಕವನ್ನೇ ಮಾಡಿದ್ದೇವೆಯೇ? ಇದು ವ್ಯಾಲಿಡೇಶನ್. ಮೊದಲನೆಯದಕ್ಕೆ ಕಾಗದ, ಪೆನ್ನು ಸಾಕು. ಎರಡನೆಯದಕ್ಕೆ ನಿಜವಾದ ವಸ್ತುವನ್ನು ಹಿಡಿದು ಅಳೆಯಬೇಕು. ಮೊದಲನೆಯದು ಮುಗಿಯದೆ ಎರಡನೆಯದಕ್ಕೆ ಹೋದರೆ, ಎರಡು ತಪ್ಪು ಸೇರಿ ಸರಿ ಉತ್ತರ ಬಂದುಬಿಡುವ ಅಪಾಯವಿದೆ.

ರನ್ ಆಗದೆ ನಿಂತಾಗ

ಲೆಕ್ಕ ನಡುವೆ ನಿಂತರೆ ಬೇಸರ ಪಡಬೇಡಿ, ಅದು ಒಳ್ಳೆಯ ಜಾತಿಯ ತಪ್ಪು. ತಾನೇ ಬಂದು ಹೇಳುತ್ತದೆ. ಸಂದೇಶಗಳ ಕಡತ ತೆರೆದು ಮೊದಲ ಎಚ್ಚರಿಕೆಯನ್ನು ಓದಿ. ಕೊನೆಯ ಸಾಲು ಬರೀ ಬಿದ್ದ ಸದ್ದು, ಎಡವಿದ ಕಲ್ಲು ಮೇಲೆಲ್ಲೋ ಇರುತ್ತದೆ.

ಮ್ಯಾಟ್ರಿಕ್ಸ್ ಸಿಂಗ್ಯುಲರ್ ಎಂದು ಬಂದರೆ ಬಹುತೇಕ ಸಲ ವಸ್ತುವನ್ನು ಸರಿಯಾಗಿ ಹಿಡಿದಿಲ್ಲ ಎಂದರ್ಥ. ಗಾಳಿಯಲ್ಲಿ ತೇಲುವ ವಸ್ತು ಮೂರು ದಿಕ್ಕಿಗೆ ಸರಿಯಬಲ್ಲದು, ಮೂರು ಅಕ್ಷಗಳ ಸುತ್ತ ತಿರುಗಬಲ್ಲದು. ಈ ಆರನ್ನೂ ಎಲ್ಲೋ ಒಂದು ಕಡೆ ತಡೆದಿರಬೇಕು. ಎರಡು ಭಾಗಗಳನ್ನು ಬೋಲ್ಟಿನಿಂದ ಸೇರಿಸಿದ್ದೇವೆ ಎಂದುಕೊಂಡಿರುತ್ತೇವೆ. ಪರದೆಯ ಮೇಲೆ ಅವು ತಾಕಿದಂತೆ ಕಾಣುತ್ತವೆ, ಲೆಕ್ಕದಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಇದನ್ನು ಹಿಡಿಯಲು ಹಳೆಯ ಉಪಾಯವೊಂದಿದೆ: ಎಲ್ಲ ಹಿಡಿತ ಬಿಡಿಸಿ ಕಂಪನದ ಲೆಕ್ಕ ಮಾಡಿಸಿ. ಸೊನ್ನೆಗೆ ಅಂಟಿಕೊಂಡ ಆವರ್ತನಗಳು ಸರಿಯಾಗಿ ಆರು ಬರಬೇಕು. ಏಳೋ ಹನ್ನೆರಡೋ ಬಂದರೆ ಯಾವುದೋ ಭಾಗ ಕಳಚಿಕೊಂಡಿದೆ. ಐದೇ ಬಂದರೆ ಗೊತ್ತಿಲ್ಲದೆ ಎಲ್ಲೋ ಹಿಡಿದಿದ್ದೀರಿ. ಆ ಚಲನೆಯನ್ನು ಪರದೆಯಲ್ಲಿ ಆಡಿಸಿ ನೋಡಿದರೆ ಕಳಚಿದ ಭಾಗ ತಾನೇ ತೇಲಿಕೊಂಡು ಹೋಗುತ್ತದೆ.

ಭಾಗಗಳು ಒಂದನ್ನೊಂದು ಒತ್ತುವ ಕಾಂಟ್ಯಾಕ್ಟ್ ಲೆಕ್ಕವಾದರೆ, ಪೂರ್ತಿ ಭಾರವನ್ನು ಒಂದೇ ಏಟಿಗೆ ಹೇರಬೇಡಿ. ಮೊದಲು ಸ್ವಲ್ಪ ಸರಿಸಿ ಎರಡೂ ತಾಕುವಂತೆ ಮಾಡಿ, ಆಮೇಲೆ ಹಂತ ಹಂತವಾಗಿ ಭಾರ ಏರಿಸಿ. ಆಗಲೂ ನಿಂತರೆ ಮಾದರಿಯನ್ನು ಬಿಚ್ಚುತ್ತಾ ಬನ್ನಿ: ಘರ್ಷಣೆ ತೆಗೆಯಿರಿ, ಲೋಹ ಮಣಿಯುವ ಗುಣ ತೆಗೆಯಿರಿ, ಕಾಂಟ್ಯಾಕ್ಟ್ ಬದಲು ಅಂಟಿಸಿ ನೋಡಿ. ಓಡಿದ ಮೇಲೆ ಒಂದೊಂದೇ ವಾಪಸ್ಸು ಸೇರಿಸಿ. ಮೋಟಾರ್ ಕೆಟ್ಟರೆ ಫ್ಯೂಸ್‌ನಿಂದ ಶುರು ಮಾಡುವ ಬುದ್ಧಿಯೇ ಇಲ್ಲೂ ಬೇಕು. ಒಟ್ಟಿಗೆ ಮೂರು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ರನ್ ಆಗಿಬಿಟ್ಟಾಗ

ನಿಜವಾದ ಅಪಾಯ ಲೆಕ್ಕ ಸುಸೂತ್ರವಾಗಿ ಮುಗಿದಾಗ. ನಮ್ಮ ಹುಡುಗನಿಗೆ ಆದದ್ದು ಇದೇ. ಈ ಸಾಫ್ಟ್‌ವೇರುಗಳಲ್ಲಿ ಹಲವಕ್ಕೆ ಅಳತೆಯ ಮಾನ ಗೊತ್ತಿಲ್ಲ, ಅವು ಬರೀ ಅಂಕಿ ನೋಡುತ್ತವೆ. ಉದ್ದ ಮಿ.ಮೀ.ನಲ್ಲಿ, ಬಲ ನ್ಯೂಟನ್‌ನಲ್ಲಿ ಇದ್ದರೆ ಸ್ಟ್ರೆಸ್ ಮೆಗಾಪ್ಯಾಸ್ಕಲ್‌ನಲ್ಲಿ ಬರುತ್ತದೆ, ಆಗ ದ್ರವ್ಯರಾಶಿ ಟನ್‌ನಲ್ಲೇ ಇರಬೇಕು. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7,850 ಕೆ.ಜಿ. ಎಂದು ಪಠ್ಯಪುಸ್ತಕದಲ್ಲಿದೆ. ಅದೇ ಮಿ.ಮೀ. ಲೆಕ್ಕಕ್ಕೆ ಬಂದಾಗ 0.00000000785. ಹುಡುಗ 7850 ಎಂದು ತುಂಬಿದ್ದ. ಪಟ್ಟಿಯ ದ್ರವ್ಯರಾಶಿ ಲಕ್ಷ ಕೋಟಿ ಪಟ್ಟು ಹೆಚ್ಚಾಯಿತು, ಕಂಪನ ಅದರ ವರ್ಗಮೂಲದಷ್ಟು, ಅಂದರೆ ಹತ್ತು ಲಕ್ಷ ಪಟ್ಟು ನಿಧಾನವಾಯಿತು. ಸರಿಪಡಿಸಿದ ಮೇಲೆ ಬಂದದ್ದು 46.4 ಹರ್ಟ್ಜ್.

ಇದನ್ನು ಹಿಡಿಯಲು ಒಂದೇ ಪ್ರಶ್ನೆ ಸಾಕಿತ್ತು: ಈ ವಸ್ತುವಿನ ತೂಕವೆಷ್ಟು? ಸಾಫ್ಟ್‌ವೇರ್ ಹೇಳುವ ದ್ರವ್ಯರಾಶಿಯನ್ನು ಓದಿ, ತಕ್ಕಡಿಯ ತೂಕದ ಜೊತೆ ಹೋಲಿಸಿ. ನಮ್ಮ ಪಟ್ಟಿ 294 ಗ್ರಾಂ ಇರಬೇಕು.

ಎರಡನೇ ಪ್ರಶ್ನೆ, ಹೇರಿದ್ದೆಷ್ಟು, ಆಧಾರಗಳು ಹೊತ್ತದ್ದೆಷ್ಟು? ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಅಣೆಕಟ್ಟನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕೈಲೆಕ್ಕದಿಂದಲೇ ಕಟ್ಟಿದರು. ಹತ್ತು ಮೀಟರ್ ಆಳದ ನೀರು ಒಂದು ಮೀಟರ್ ಅಗಲದ ನೆಟ್ಟಗಿನ ಗೋಡೆಯನ್ನು ಸುಮಾರು 490 ಕಿಲೋನ್ಯೂಟನ್ ಬಲದಿಂದ ತಳ್ಳುತ್ತದೆ, ಅಂದಾಜು 50 ಟನ್ ತೂಕ. ಅದು ಕೈಲೆಕ್ಕ. ನಿಮ್ಮ ಗೋಡೆಯ ಮಾದರಿಯಲ್ಲಿ ಆಧಾರಗಳು ಹೊತ್ತ ಬಲವನ್ನೆಲ್ಲ ಕೂಡಿದಾಗ ಇದೇ ಬರಬೇಕು. 245 ಬಂದರೆ ಒತ್ತಡ ಅರ್ಧ ಗೋಡೆಗೇ ಬಿದ್ದಿದೆ, 980 ಬಂದರೆ ಎರಡು ಸಲ ಬಿದ್ದಿದೆ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಅದನ್ನು ಮಾಡದೆ ಬಿಟ್ಟು ತಲೆ ತಗ್ಗಿಸಿದವರಲ್ಲಿ ನಾನೂ ಒಬ್ಬ. ಕೆಲಸದ ಮೊದಲ ವರ್ಷ ಒಂದು ಕಡೆ ಬ್ರಾಕೆಟ್ಟಿನ ಭಾರವನ್ನು ಕಾಲು ಭಾಗ ಮಾತ್ರ ಹಾಕಿ, 'ಸೇಫ್' ಎಂದು ವರದಿ ಕೊಟ್ಟಿದ್ದೆ. ಹಿರಿಯರೊಬ್ಬರು ಪ್ರತಿಕ್ರಿಯೆಯ ಬಲ ಕೂಡಿ ನೋಡಿ, ಏನೂ ಅನ್ನದೆ ಕಾಗದವನ್ನು ನನ್ನ ಮುಂದಿಟ್ಟಿದ್ದರು.

ಮೂರನೆಯದು, ಬಣ್ಣ ತೆಗೆದು ಆಕಾರ ನೋಡುವುದು. ಬಾಗಿದ ಚಿತ್ರವನ್ನು ದೊಡ್ಡದು ಮಾಡಿ ಆಡಿಸಿ. ಬಾಗಬೇಕಾದ ಕಡೆಗೇ ಬಾಗಿದೆಯೇ? ಒಂದು ಭಾಗ ಇನ್ನೊಂದರೊಳಗೆ ತೂರಿದೆಯೇ? ಬಿಗಿದ ಜಾಗ ನಿಜಕ್ಕೂ ಕದಲದೆ ನಿಂತಿದೆಯೇ?

ಮೆಷ್ ಹೇಳುವ ಸುಳ್ಳು

ಇನ್ನು ಪಟ್ಟಿಯ ತುದಿಗೆ 2 ಕೆ.ಜಿ. ತೂಗುಹಾಕೋಣ, ಅಂದರೆ 19.62 ನ್ಯೂಟನ್. ಬಾಗು ಎಷ್ಟು ಎಂಬುದಕ್ಕೆ ಎರಡನೇ ವರ್ಷದಲ್ಲೇ ಕಲಿಯುವ ಸೂತ್ರವಿದೆ. ಉಕ್ಕಿನ ಬಿಗಿತ ಹೇಳುವ ಯಂಗ್ಸ್ ಮಾಡ್ಯುಲಸ್ 2,10,000 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಂಡರೆ ತುದಿ 3.23 ಮಿ.ಮೀ. ಇಳಿಯಬೇಕು, ಬುಡದಲ್ಲಿ ಸ್ಟ್ರೆಸ್ 56.5 ಮೆಗಾಪ್ಯಾಸ್ಕಲ್ ಇರಬೇಕು.

ಪಟ್ಟಿಯ ದಪ್ಪಕ್ಕೆ ಒಂದೇ ಪದರ, 10 ಮಿ.ಮೀ. ಉದ್ದದ ಸಾದಾ ನಾಲ್ಕು ಮೂಲೆಯ ಎಲಿಮೆಂಟ್‌ಗಳನ್ನು ಪೂರ್ಣ ಇಂಟಿಗ್ರೇಶನ್‌ನಲ್ಲಿ, ಅಂದರೆ ಒಳಗೆ ಹಲವು ಬಿಂದುಗಳಲ್ಲಿ ಲೆಕ್ಕ ಮಾಡುವಂತೆ, ಹಾಕಿದರೆ ಬರುವ ಉತ್ತರ ಸುಮಾರು 1.2 ಮಿ.ಮೀ. ಸರಿ ಉತ್ತರದ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ! ಈ ಎಲಿಮೆಂಟಿನ ಅಂಚುಗಳು ನೆಟ್ಟಗೇ ಇರುತ್ತವೆ, ಬಿಲ್ಲಿನಂತೆ ಬಾಗಲಾರವು. ಬಾಗುವ ಬದಲು ಓರೆಯಾಗಿ ಜಗ್ಗಿಕೊಂಡು ಸುಳ್ಳು ಬಿಗಿತ ತೋರಿಸುತ್ತವೆ. ಇದೇ ಶಿಯರ್ ಲಾಕಿಂಗ್. ಇದನ್ನು ತಪ್ಪಿಸಲು ಒಳಗೆ ಒಂದೇ ಬಿಂದುವಿನಲ್ಲಿ ಲೆಕ್ಕ ಮಾಡುವ ಎಲಿಮೆಂಟ್ ಹಾಕಿದರೆ ಕಥೆ ತಿರುಗುಮುರುಗು. ಆ ಬಿಂದು ದಪ್ಪದ ನಟ್ಟನಡುವೆ ಇರುವುದರಿಂದ ಬಾಗು ಅದರ ಕಣ್ಣಿಗೇ ಬೀಳುವುದಿಲ್ಲ. ಪಟ್ಟಿ ನೆನೆದ ರಟ್ಟಿನಂತೆ ಜೋತುಬೀಳುತ್ತದೆ, ಎಲಿಮೆಂಟ್‌ಗಳು ಮರಳುಗಡಿಯಾರದ ಆಕಾರಕ್ಕೆ ತಿರುಗುತ್ತವೆ. ಬಾಗುವ ತೆಳು ಭಾಗಕ್ಕೆ ಅಂಚಿನ ನಡುವೆಯೂ ನೋಡ್ ಇರುವ ಎಲಿಮೆಂಟ್ ಅಥವಾ ಶೆಲ್ ಎಲಿಮೆಂಟ್ ವಾಸಿ.

ಮೆಷ್ ಸಾಕಷ್ಟು ಸಣ್ಣದಾಗಿದೆ ಎಂದು ತಿಳಿಯಲು ಒಂದೇ ದಾರಿ, ಇನ್ನೂ ಸಣ್ಣದು ಮಾಡಿ ನೋಡುವುದು. ಅದೇ ಸಾದಾ ಎಲಿಮೆಂಟ್‌ಗಳನ್ನು ಚೌಕವಾಗಿಟ್ಟು, ದಪ್ಪಕ್ಕೆ 1, 2, 4, 8 ಪದರ ಮಾಡುತ್ತಾ ಹೋದರೆ ಉತ್ತರ ಹೆಚ್ಚುಕಡಿಮೆ 2.18, 2.88, 3.13, 3.20 ಎಂದು ಏರುತ್ತದೆ. ಪ್ರತಿ ಸಲ ಎಲಿಮೆಂಟ್ ಅರ್ಧವಾದಾಗ ತಪ್ಪು ಕಾಲು ಭಾಗದ ಆಸುಪಾಸಿಗೆ ಇಳಿಯುತ್ತಿದೆ. ಹಾಗಿದ್ದಾಗ ಕೊನೆಯ ಎರಡು ಉತ್ತರಗಳ ವ್ಯತ್ಯಾಸದ ಮೂರನೇ ಒಂದನ್ನು ಕೊನೆಯ ಉತ್ತರಕ್ಕೆ ಸೇರಿಸಿ: 0.07ರ ಮೂರನೇ ಒಂದು 0.02, ಒಟ್ಟು 3.22. ಕೈಲೆಕ್ಕದ 3.23ಕ್ಕೆ ಕೂದಲೆಳೆ ದೂರ. ರಿಚರ್ಡ್‌ಸನ್ ಹೆಸರಿನ ಈ ಉಪಾಯ, ಸೂತ್ರವಿಲ್ಲದ ಜಟಿಲ ಭಾಗಗಳಲ್ಲೂ ಎಷ್ಟು ತಪ್ಪು ಉಳಿದಿದೆ ಎಂದು ಅಂದಾಜು ಕೊಡುತ್ತದೆ.

ಎಲ್ಲ ಜಾಗವೂ ಹೀಗೆ ಒಂದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ. ಒಳಮೂಲೆಯೊಂದನ್ನು ಚೂಪಾಗಿ ಬಿಡಿಸಿದ್ದರೆ ಅಲ್ಲಿ ಮೆಷ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ, ಕೊನೆಯೇ ಇಲ್ಲ. ಗಣಿತದಲ್ಲೇ ಅಲ್ಲಿ ಉತ್ತರ ಅನಂತ. ನಿಜವಾದ ಭಾಗದಲ್ಲಿ ಆ ಮೂಲೆಗೆ ಸಣ್ಣದಾದರೂ ಒಂದು ತಿರುವು ಇರುತ್ತದೆ, ಅದನ್ನು ಮಾದರಿಯಲ್ಲೂ ಬಿಡಿಸಿ. ಇದಕ್ಕೆ ವಿರುದ್ಧವಾಗಿ, ಒಂದೇ ದಿಕ್ಕಿಗೆ ಎಳೆದ ಅಗಲವಾದ ತಗಡಿನ ಸಣ್ಣ ದುಂಡು ತೂತಿನ ಅಂಚಿನಲ್ಲಿ ಸ್ಟ್ರೆಸ್ ಸರಿಯಾಗಿ ಮೂರರಷ್ಟಾಗಿ ನಿಲ್ಲುತ್ತದೆ. ಕಿರ್ಶ್ ಇದನ್ನು 1898ರಲ್ಲೇ ತೋರಿಸಿದ್ದರು. ಕೆಂಪು ಕಲೆ ಕಂಡರೆ ಹೆದರಲೂ ಬೇಡಿ, ಅಳಿಸಿಹಾಕಲೂ ಬೇಡಿ. ಮೆಷ್ ಸಣ್ಣದು ಮಾಡಿ, ನಿಲ್ಲುತ್ತದೆಯೋ ಓಡುತ್ತದೆಯೋ ನೋಡಿ.

ಸಮುದ್ರದಲ್ಲಿ ಮುಳುಗಿದ ಮೆಷ್

ಇಷ್ಟೆಲ್ಲ ಯಾಕೆ ಎನ್ನುವವರಿಗೆ 1991ರ ಆಗಸ್ಟ್ 23ರ ಘಟನೆ ಉತ್ತರ. ನಾರ್ವೆಯ ಸ್ಟಾವಂಗರ್ ಬಳಿ ಸ್ಲೈಪ್ನರ್ ಎ ಎಂಬ ತೈಲ ವೇದಿಕೆಯ ಕಾಂಕ್ರೀಟ್ ಬುಡವನ್ನು ನೀರಿನಲ್ಲಿ ಇಳಿಸಿ ಪರೀಕ್ಷಿಸುತ್ತಿದ್ದರು. ಸುಮಾರು 65 ಮೀಟರ್ ಆಳದಲ್ಲಿ ಒಂದು ಗೋಡೆ ಬಿರಿಯಿತು. ಪಂಪುಗಳು ಸಾಲದೆ ಇಡೀ ಬುಡ ತಳ ಸೇರಿತು. ಜೀವಹಾನಿ ಆಗಲಿಲ್ಲ, ನಷ್ಟ ಸುಮಾರು 70 ಕೋಟಿ ಡಾಲರ್. ತನಿಖೆಯಲ್ಲಿ ಸಿಕ್ಕ ಕಾರಣಗಳಲ್ಲಿ ಮುಖ್ಯವಾದದ್ದು ಮೆಷ್. ಮೂರು ಕೋಶಗಳು ಸೇರುವ ಜಾಗದಲ್ಲಿ ಎಲಿಮೆಂಟ್‌ಗಳು ಒರಟಾಗಿದ್ದವು, ಸೊಟ್ಟಗಿದ್ದವು. ಗೋಡೆಯನ್ನು ಕತ್ತರಿಸುವ ಶಿಯರ್ ಬಲ ಶೇ. 47ರಷ್ಟು ಕಡಿಮೆ ಅಂದಾಜಾಗಿತ್ತು. ಜೊತೆಗೆ ಅಲ್ಲಿನ ಕಂಬಿ ಜೋಡಣೆಯೂ ಸಾಲದಾಗಿತ್ತು. ಆಮೇಲೆ ಎಚ್ಚರದಿಂದ ಮಾಡಿದ ಲೆಕ್ಕ 62 ಮೀಟರ್ ಆಳದಲ್ಲಿ ಗೋಡೆ ಒಡೆಯಬೇಕು ಎಂದು ಹೇಳಿತು. ಎಂದರೆ ವಿಧಾನದಲ್ಲಿ ಕುಂದಿರಲಿಲ್ಲ, ಕೇಳಿದ ರೀತಿಯಲ್ಲಿತ್ತು.

ಹಾರುವ ಯಂತ್ರದಲ್ಲಿ ತಪ್ಪಿಗೆ ಇರುವ ಅವಕಾಶ ಇನ್ನೂ ಸಣ್ಣದು. ಹೆಲಿಕಾಪ್ಟರಿನ ರೋಟರ್ ನಿಮಿಷಕ್ಕೆ 300 ಸುತ್ತು ಎಂದಿಟ್ಟುಕೊಂಡರೂ ಗಂಟೆಗೆ 18,000 ಸಲ ಭಾರ ಬಂದು ಹೋಗುತ್ತದೆ. ಹೀಗೆ ಮತ್ತೆ ಮತ್ತೆ ಬರುವ ಭಾರಕ್ಕೆ ಲೋಹ ದಣಿಯುತ್ತದೆ. ಬೆಸುಗೆಯ ಜೋಡಣೆಗೆ ಬಳಸುವ ಘನದ ನಿಯಮದಂತೆ (ಆಯಸ್ಸು ಸ್ಟ್ರೆಸ್ಸಿನ ಘನಕ್ಕೆ ವಿಲೋಮ) ಸ್ಟ್ರೆಸ್ ಶೇ. 20 ಹೆಚ್ಚಾದರೆ ಆಯಸ್ಸು ಶೇ. 40ಕ್ಕೂ ಹೆಚ್ಚು ಕುಸಿಯುತ್ತದೆ. ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಇಂಥ ಭಾಗಗಳನ್ನು ರಿಗ್‌ಗೆ ಕಟ್ಟಿ ಅಲುಗಿಸಿ ನೋಡದೆ ಹಾರಿಸುವುದಿಲ್ಲ.

ವೈಸ್‌ಗೆ ಕಟ್ಟಿದ ಪಟ್ಟಿ

ನಮ್ಮ ಪಟ್ಟಿಗೂ ಅದೇ ನ್ಯಾಯ. ಗುಜರಿಯಿಂದ ಒಂದು ಫ್ಲಾಟ್ ಪಟ್ಟಿ ತಂದು, 300 ಮಿ.ಮೀ. ಹೊರಗೆ ಬಿಟ್ಟು, ವೈಸ್‌ಗೆ ಬಿಗಿದೆವು. ಹುಡುಗ ಡಯಲ್ ಗೇಜ್ ತಂದಿದ್ದ. "ಅದು ಬೇಡ" ಅಂದೆ. ಅದರ ಮೊನೆಯ ಸ್ಪ್ರಿಂಗ್ ಒಂದು ನ್ಯೂಟನ್ ಆಸುಪಾಸಿನ ಬಲದಿಂದ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಭಾರ ಇಪ್ಪತ್ತು ನ್ಯೂಟನ್ ಕೂಡ ಇಲ್ಲ, ಅಳೆಯುವ ಸಾಧನವೇ ಅಳತೆಯನ್ನು ಕೆಡಿಸಬಹುದು. ಹೈಟ್ ಗೇಜ್ ಇಟ್ಟು, ಭಾರ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಅಳೆದು ಕಳೆದೆವು. ಪಟ್ಟಿಯ ಸ್ವಂತ ತೂಕದ ಬಾಗು ಅದರಲ್ಲೇ ಕಳೆದುಹೋಗುತ್ತದೆ.

ಬಂದದ್ದು 3.7 ಮಿ.ಮೀ. ಲೆಕ್ಕ 3.23.

ಹುಡುಗ ತಕ್ಷಣ ಲ್ಯಾಪ್‌ಟಾಪ್ ಕಡೆ ತಿರುಗಿದ. "ಮಾಡ್ಯುಲಸ್ಸು 1,83,000 ಮಾಡಿದ್ರೆ ಕರೆಕ್ಟಾಗಿ ಕೂತ್ಕೊಳುತ್ತೆ ಸಾರ್." ಕೂತುಕೊಳ್ಳುತ್ತದೆ, ನಿಜ. ಆದರೆ ಉಕ್ಕಿನ ಮಾಡ್ಯುಲಸ್ 2,00,000ದಿಂದ 2,10,000ದ ಸುತ್ತ ಇರುತ್ತದೆ, ಅಷ್ಟು ಕೆಳಗೆ ಇಳಿಯುವುದಿಲ್ಲ. ನಾಳೆ ಬೇರೆ ಪಟ್ಟಿ ತಂದರೆ ಇದೇ ಮಾದರಿ ಮತ್ತೆ ತಪ್ಪುತ್ತದೆ. ಉತ್ತರ ನೋಡಿಕೊಂಡು ಲೆಕ್ಕ ತಿದ್ದುವುದಕ್ಕೆ ಪ್ರಮಾಣಿಸುವುದು ಎನ್ನುವುದಿಲ್ಲ.

ಮೈಕ್ರೊಮೀಟರ್ ತೆಗೆದು ದಪ್ಪ ಅಳೆಯಲು ಹೇಳಿದೆ. ಗುಜರಿಯ 5 ಮಿ.ಮೀ. ಪಟ್ಟಿ ನಿಜವಾಗಿ 4.8 ಇತ್ತು. ಬಾಗು ದಪ್ಪದ ಘನಕ್ಕೆ ವಿಲೋಮ. 0.2 ಮಿ.ಮೀ. ಕಡಿಮೆಯಾದರೆ ಬಾಗು ಶೇ. 13 ಹೆಚ್ಚುತ್ತದೆ, 3.65 ಆಗುತ್ತದೆ. ಉಳಿದ 0.05 ವೈಸ್‌ನ ಸಡಿಲವೋ, ನಮ್ಮ ಕೈಯ ತಪ್ಪೋ ಇರಬಹುದು. ಒಂದೇ ಸಾಕ್ಷಿ ನಂಬಬಾರದೆಂದು ತೂಕ ತೆಗೆದು ಪಟ್ಟಿಯನ್ನು ಮೀಟಿ, ಫೋನಿನ ಸ್ಲೋ ಮೋಷನ್‌ನಲ್ಲಿ ಚಿತ್ರ ಹಿಡಿದೆವು. ಟ್ಯೂಬ್‌ಲೈಟಿನ ಮಿನುಗು ಬೀಳದಂತೆ ಬಿಸಿಲಿಗೆ ತಂದು ಹಿಡಿದದ್ದು. ಒಂದು ಸೆಕೆಂಡಿನಲ್ಲಿ 44 ಸಲ. 5 ಮಿ.ಮೀ. ಲೆಕ್ಕಕ್ಕೆ 46.4 ಬರಬೇಕು, 4.8ಕ್ಕೆ 44.5. ಎರಡು ಬೇರೆ ಬೇರೆ ಅಳತೆಗಳು ಒಂದೇ ಕಡೆಗೆ ಬೆರಳು ತೋರಿಸಿದವು.

ವರದಿಯಲ್ಲಿ ಬರೆಯಬೇಕಾದವು ಇವು: ತೂಕ, ಆಧಾರಗಳು ಹೊತ್ತ ಬಲ, ಮೂರು ಮೆಷ್‌ಗಳ ಉತ್ತರ, ಕೈಲೆಕ್ಕ, ಅಳತೆ, ಅಳತೆಯ ತಪ್ಪಿನ ಅಂದಾಜು. ಇನ್ನೊಂದು ಸಾಲು ಬಹಳ ಜನ ಬಿಡುತ್ತಾರೆ. ಈ ಮಾದರಿಯನ್ನು ಎಷ್ಟು ಭಾರದವರೆಗೆ ನಂಬಬಹುದು ಎನ್ನುವುದು.

ಅದನ್ನು ನಾನು ಹೇಳುವ ಮೊದಲೇ ಹುಡುಗ ಕಂಡುಕೊಂಡ. ಉತ್ಸಾಹದಲ್ಲಿ ತುದಿಗೆ 12 ಕೆ.ಜಿ. ತೂಗುಹಾಕಿದ. ಸಾದಾ ಉಕ್ಕು 250 ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲಿ ಮಣಿಯಲು ಶುರುವಾಗುತ್ತದೆ, ಈ ಪಟ್ಟಿಯ ಬುಡಕ್ಕೆ ಅಷ್ಟು ಬರಲು 8 ಕೆ.ಜಿ. ಸಾಕು. ಪರದೆಯ ಮೇಲಿನ ಪಟ್ಟಿ 22 ಮಿ.ಮೀ. ಬಾಗಿ, ಭಾರ ತೆಗೆದೊಡನೆ ನೆಟ್ಟಗೆ ನಿಂತಿತು. ವೈಸ್‌ನಲ್ಲಿದ್ದ ಪಟ್ಟಿ ಭಾರ ತೆಗೆದ ಮೇಲೂ ತಲೆ ತಗ್ಗಿಸಿಕೊಂಡೇ ಇತ್ತು. ಹುಡುಗ ಅದರ ಕೆಳಗೆ ಸ್ಕೇಲ್ ಹಿಡಿದು ಕೂತ, ಎಷ್ಟು ಉಳಿದಿದೆ ಎಂದು ಅಳೆಯಲು.